ಲ್ಯಾಟಿನ್‌ನ ಒಡಹುಟ್ಟಿದವರು: ಇಟಲಿಯ ಹಳೇ ಭಾಷೆಗಳ ಶಾಸನ ಓದೋಕೆ ಶುರು ಮಾಡುವುದು ಹೇಗೆ

ಸಬೈನರು, ಸಾಮ್ನೈಟರು, ಅಂಬ್ರಿಯನ್ನರು, ಮಾರ್ಸಿ, ಪೆಲಿಗ್ನಿ, ವೋಲ್ಸ್ಕಿ, ಹೆರ್ನಿಕಿ, ವೆಸ್ತಿನಿ, ಮರ್ರುಕಿನಿ, ಲುಕಾನಿ, ಫಲಿಸ್ಕಿ. ಪ್ರಾಚೀನ ಇಟಲಿಯ ಜನರ ಬಗ್ಗೆ ಯಾವ ಪುಸ್ತಕ ತೆರೆದರೂ ಮೊದಲು ಸಿಗುವುದು ಈ ಪಟ್ಟಿ. ದಯವಿಟ್ಟು ಇದನ್ನು ಬಾಯಿಪಾಠ ಮಾಡಬೇಡಿ. ನಾನು ಹಾಗೇ ಶುರು ಮಾಡಿದ್ದೆ, ನಕ್ಷೆ ಬರೆದು ಒಬ್ಬೊಬ್ಬರಿಗೂ ಒಂದೊಂದು ಬಣ್ಣ ತುಂಬಿದ್ದೆ, ಆದರೂ ಅವರಲ್ಲಿ ಒಬ್ಬರ ಪರಿಚಯವೂ ಆಗಲಿಲ್ಲ. ಪರಿಚಯ ಆಗಿದ್ದು ಒಂದು ಬಟ್ಟಲಿನಿಂದ. ನೀವೂ ಅಲ್ಲಿಂದಲೇ ಶುರು ಮಾಡಿ.

ಬಟ್ಟಲು ಸಿಕ್ಕಿದ್ದು ರೋಮ್‌ನ ಉತ್ತರಕ್ಕಿರುವ ಫಲೇರಿಯಲ್ಲಿ, ಈಗಿನ ಚಿವಿತಾ ಕಾಸ್ತೆಲ್ಲಾನಾದಲ್ಲಿ. ಕ್ರಿ.ಪೂ. 4ನೇ ಶತಮಾನದ್ದು. ಅದರ ಮೇಲೆ ಫಲಿಸ್ಕನ್ ಭಾಷೆಯಲ್ಲಿ ಒಂದು ಸಾಲು ಇದೆ:

ಫೊಯೆದ್ ವೀನೊ ಪಿಪಾಫೊ ಕ್ರಾ ಕರೆಫೊ

(ಈ ಬರಹದಲ್ಲಿ ಫ ಬಂದ ಕಡೆಯೆಲ್ಲ ಫ್ಯಾನ್ ಅನ್ನುವಾಗ ಬರುವ ಹಾಗೆ ಓದಿ, ಫಲದ ಫ ಅಲ್ಲ.)

ಪದಕ್ಕೆ ಪದ ಇಟ್ಟರೆ: ಇವತ್ತು, ವೈನ್, ಕುಡಿಯುವೆ, ನಾಳೆ, ಇಲ್ಲದೆ ಇರುವೆ. ಪದಗಳ ಕ್ರಮ ಕೂಡ ಕನ್ನಡದ್ದೇ ಹಾಗಿದೆ, ಅಲ್ವಾ? ಇದೇ ಮಾತನ್ನು ಲ್ಯಾಟಿನ್‌ನಲ್ಲಿ ಹೀಗೆ ಹೇಳುತ್ತಾರೆ: ಹೊದಿಯೆ ವೀನುಮ್ ಬಿಬಮ್, ಕ್ರಾಸ್ ಕರೇಬೊ. ಈಗ ಎರಡು ಸಾಲನ್ನೂ ಒಂದರ ಕೆಳಗೆ ಒಂದು ಬರೆದುಕೊಂಡು ನಿಧಾನವಾಗಿ ನೋಡಿ. ಲ್ಯಾಟಿನ್‌ನ ಕರೇಬೊ ಇಲ್ಲಿ ಕರೆಫೊ. ಅಂದರೆ ಲ್ಯಾಟಿನ್‌ನಲ್ಲಿ ಪದದ ನಡುವೆ ಬ ಇರುವ ಕಡೆ ಫಲಿಸ್ಕನ್‌ನಲ್ಲಿ ಫ. ಹೊದಿಯೆಗೆ ಫೊಯೆದ್. ಅಂದರೆ ಹ ಇರುವ ಕಡೆಯೂ ಫ ಬರಬಹುದು. ಕ್ರಾಸ್‌ನ ಕೊನೆಯ ಸ್ ಬಿದ್ದುಹೋಗಿದೆ. ಒಂದೇ ಸಾಲಿನಿಂದ ನಿಮಗೆ ಮೂರು ಸುಳಿವು ಸಿಕ್ಕವು. ಇನ್ನು ಮುಂದೆ ಮಾಡುವುದೂ ಇದೇ ಕೆಲಸ, ಸ್ವಲ್ಪ ಉದ್ದದ ಸಾಲುಗಳ ಮೇಲೆ.

ಯಾರು ಯಾರಿಗೆ ಏನಾಗಬೇಕು

ಇದನ್ನು ಬೇಗ ಮುಗಿಸೋಣ. ಇಟಾಲಿಕ್ ಅನ್ನುವ ಭಾಷಾ ಕುಟುಂಬಕ್ಕೆ ಎರಡು ಕವಲು. ಒಂದರಲ್ಲಿ ಲ್ಯಾಟಿನ್ ಮತ್ತು ಈಗ ನೋಡಿದ ಫಲಿಸ್ಕನ್. ಇನ್ನೊಂದರ ಹೆಸರು ಸಬೆಲ್ಲಿಕ್. ಅದರಲ್ಲಿ ಆಸ್ಕನ್ (ಸಾಮ್ನೈಟರು, ಲುಕಾನಿ ಮುಂತಾದವರು ಆಡುತ್ತಿದ್ದದ್ದು), ಅಂಬ್ರಿಯನ್, ದಕ್ಷಿಣ ಪಿಸೀನ್, ಜೊತೆಗೆ ಮಾರ್ಸಿ, ಪೆಲಿಗ್ನಿ, ವೋಲ್ಸ್ಕಿಯಂಥ ಚಿಕ್ಕ ಜನರ ಭಾಷೆಗಳು. ಈಶಾನ್ಯದ ವೆನೆಟಿಕ್ ಇದೇ ಕುಟುಂಬದ್ದೋ ಅಲ್ಲವೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಆಸ್ಕನ್ ಸಣ್ಣ ಭಾಷೆ ಅಂದುಕೊಳ್ಳಬೇಡಿ. ಕ್ರಿ.ಪೂ. 400ರ ಹೊತ್ತಿಗೆ ಲ್ಯಾಟಿನ್ ಟೈಬರ್ ನದಿಯ ಕೆಳಭಾಗದ ಸುತ್ತಮುತ್ತ ಮಾತ್ರ ಇತ್ತು, ಆಸ್ಕನ್ ಅದಕ್ಕಿಂತ ಎಷ್ಟೋ ದೊಡ್ಡ ಪ್ರದೇಶದಲ್ಲಿ, ದಕ್ಷಿಣದ ಬೆಟ್ಟಗಳಿಂದ ಪಾಂಪೆಯವರೆಗೂ ಹರಡಿತ್ತು.

ಎಟ್ರುಸ್ಕನ್ ಈ ಕುಟುಂಬಕ್ಕೆ ಸೇರಿದ್ದಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ, ಯಾಕೆಂದರೆ ಲಿಪಿ ಒಂದೇ ಥರ ಕಾಣುತ್ತದೆ. ಅನುಮಾನ ಬಂದರೆ ಮನೆಮಂದಿಯ ಪದ, ಸಂಖ್ಯೆಯ ಪದ ನೋಡಿ. ಮೂರಕ್ಕೆ ಲ್ಯಾಟಿನ್‌ನಲ್ಲಿ ತ್ರೇಸ್, ಅಂಬ್ರಿಯನ್‌ನಲ್ಲಿ ತ್ರಿಫ್, ನಮಗೆ ಗೊತ್ತಿರುವ ಸಂಸ್ಕೃತದ ತ್ರಿ ಕೂಡ ಅದೇ ಬೇರಿನದು. ಎಟ್ರುಸ್ಕನ್‌ನಲ್ಲಿ ಮೂರಕ್ಕೆ ಕಿ. ಮಗನಿಗೆ ಕ್ಲಾನ್. ಯಾವುದಕ್ಕೂ ಹೊಂದುವುದಿಲ್ಲ. ಆದರೆ ಗ್ರೀಕರಿಂದ ಅಕ್ಷರ ಕಲಿತು ಅಕ್ಕಪಕ್ಕದವರಿಗೆ ದಾಟಿಸಿದವರು ಇವರೇ, ಹಾಗಾಗಿ ಇವರನ್ನು ಬಿಟ್ಟು ಮುಂದೆ ಹೋಗೋಕೂ ಆಗುವುದಿಲ್ಲ.

ಅಕ್ಷರ

ಆಸ್ಕನ್ ಬರೆಯುವುದು ಬಲದಿಂದ ಎಡಕ್ಕೆ. ಫ ಅಕ್ಷರ 8ರ ಹಾಗೆ ಕಾಣುತ್ತದೆ, ಅದು ಕಂಡರೆ ಖುಷಿಪಡಿ, ಗುರುತಿಸೋದು ಸುಲಭ. ಮೋಸ ಮಾಡುವ ಅಕ್ಷರಗಳು ಎರಡು: ದ ಅಕ್ಷರ ಇಂಗ್ಲಿಷ್‌ನ ಆರ್ ತಿರುಗಿಸಿದ ಹಾಗೆ, ರ ಅಕ್ಷರ ಡಿ ತಿರುಗಿಸಿದ ಹಾಗೆ. ಮೊದಲ ವಾರ ಎಲ್ಲರೂ ಅದಲುಬದಲು ಓದುತ್ತಾರೆ. ಈ ಎರಡನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಇಟ್ಟುಕೊಳ್ಳಿ.

ಎಟ್ರುಸ್ಕನ್‌ಗೆ ಒ ಅನ್ನುವ ಸ್ವರವೂ ಬೇಕಿರಲಿಲ್ಲ, ಗ, ದ, ಬ ಅಕ್ಷರಗಳೂ ಬೇಕಿರಲಿಲ್ಲ. ಅವರಿಂದ ಲಿಪಿ ತೆಗೆದುಕೊಂಡವರಿಗೆ ಇದರಿಂದ ಕಷ್ಟ ಆಯಿತು. ಆಸ್ಕನ್ನರು ಉ ಅಕ್ಷರದ ಒಳಗೆ ಒಂದು ಚುಕ್ಕೆ ಇಟ್ಟು ಅದನ್ನು ಒ ಮಾಡಿಕೊಂಡರು. ಇ ಮತ್ತು ಎ ನಡುವಿನ ಒಂದು ಸ್ವರಕ್ಕೂ ಬೇರೆ ಗುರುತು ಮಾಡಿದರು. ಅಂಬ್ರಿಯನ್ನರು ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ: ಗ ಬಂದರೂ ಕ, ದ ಬಂದರೂ ತ, ಒ ಬಂದರೂ ಉ ಅಂತಲೇ ಬರೆದರು. ತಮಿಳು ಲಿಪಿ ನೋಡಿದವರಿಗೆ ಇದು ಹೊಸದಲ್ಲ, ಅಲ್ಲೂ ಕ ಮತ್ತು ಗಕ್ಕೆ ಒಂದೇ ಅಕ್ಷರ, ಓದುವವರು ಸಂದರ್ಭ ನೋಡಿ ಉಚ್ಚಾರ ಮಾಡುತ್ತಾರೆ.

ಇದನ್ನು ಅಭ್ಯಾಸ ಮಾಡೋಕೆ ಒಳ್ಳೆಯ ಜಾಗ ಗುಬ್ಬಿಯೊ ಊರಿನ ಕಂಚಿನ ಹಲಗೆಗಳು. 1444ರಲ್ಲಿ ಸಿಕ್ಕ ಈ 7 ಹಲಗೆಗಳೇ ಅಂಬ್ರಿಯನ್‌ನಲ್ಲಿ ನಮಗಿರುವ ದೊಡ್ಡ ಬರಹ, ಇಡೀ ಸಬೆಲ್ಲಿಕ್ ಕವಲಿನಲ್ಲೇ ಇಷ್ಟು ಉದ್ದದ್ದು ಇನ್ನೊಂದಿಲ್ಲ. ಊರನ್ನು ಶುದ್ಧ ಮಾಡುವ, ದೇವರಿಗೆ ಬಲಿ ಕೊಡುವ ವಿಧಿಗಳ ವಿವರ ಅದರಲ್ಲಿದೆ. ಈಗಲೂ ಅದೇ ಊರಿನಲ್ಲಿ, ಪಲಾತ್ಸೊ ದೇಯ್ ಕೊನ್ಸೊಲಿ ಅನ್ನುವ ಹಳೇ ಕಟ್ಟಡದಲ್ಲಿ ಇಟ್ಟಿದ್ದಾರೆ. ಒಂದಷ್ಟು ಹಲಗೆಗಳು ಅಂಬ್ರಿಯನ್ನರ ಸ್ವಂತ ಲಿಪಿಯಲ್ಲಿ, ಒಂದಷ್ಟು ಲ್ಯಾಟಿನ್ ಲಿಪಿಯಲ್ಲಿ, ಮತ್ತು ಒಂದೇ ವಿಧಿ ಎರಡರಲ್ಲೂ ಬರುತ್ತದೆ! ಹಳೇ ಲಿಪಿಯಲ್ಲಿ ತುತಪೆರ್ ಇಕುವಿನ ಅಂತ ಇರುವುದು ಲ್ಯಾಟಿನ್ ಲಿಪಿಯಲ್ಲಿ ತೋತಪೆರ್ ಇಯೋವಿನ. "ಇಗುವಿಯಂ ಊರಿನ ಜನರಿಗಾಗಿ" ಅಂತ ಅರ್ಥ, ಇಗುವಿಯಂ ಅಂದರೆ ಗುಬ್ಬಿಯೊದ ಹಳೇ ಹೆಸರು. ಈ ಎರಡು ರೂಪ ಪಕ್ಕಪಕ್ಕ ಇಟ್ಟರೆ ಉ ಅಂತ ಬರೆದ ಕಡೆ ಅವರು ಬಾಯಲ್ಲಿ ಒ ಅನ್ನುತ್ತಿದ್ದರು ಅಂತ ನೀವೇ ಕಂಡುಹಿಡಿಯಬಹುದು, ಯಾರೂ ಹೇಳಿಕೊಡಬೇಕಾಗಿಲ್ಲ.

ಪುಸ್ತಕಗಳಲ್ಲಿ ಶಾಸನವನ್ನು ಮಾಮೂಲಿ ಅಕ್ಷರದಲ್ಲಿ ಬರೆದುಕೊಡುತ್ತಾರೆ. ಸ್ಥಳೀಯ ಲಿಪಿಯಿಂದ ಬಂದ ಪಠ್ಯವನ್ನು ದಪ್ಪಕ್ಷರದಲ್ಲೂ ಲ್ಯಾಟಿನ್ ಲಿಪಿಯದನ್ನು ಓರೆಯಕ್ಷರದಲ್ಲೂ ಹಾಕುವುದು ರೂಢಿ. ಚೌಕ ಕಂಸದೊಳಗೆ ಇರುವುದು ಕಲ್ಲಿನಲ್ಲಿ ಈಗ ಇಲ್ಲ, ಸಂಪಾದಕರು ಊಹಿಸಿ ತುಂಬಿದ್ದು. ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಆ ಅಕ್ಷರ ಸರಿಯಾಗಿ ಕಾಣುತ್ತಿಲ್ಲ ಅಂತ. ಒಂದು ಸಾಲಿನ ಬಗ್ಗೆ ಯಾರಾದರೂ ದೊಡ್ಡ ಮಾತು ಹೇಳಿದರೆ ಮೊದಲು ಅದರಲ್ಲಿ ಎಷ್ಟು ಕಂಸದೊಳಗಿದೆ ಅಂತ ನೋಡಿ.

ಧ್ವನಿ ಬದಲಾಗುವ ನಿಯಮಗಳು

ಹಳಗನ್ನಡದ ಪುಲಿ ಈಗ ಹುಲಿ, ಪಾಲ್ ಈಗ ಹಾಲು, ಪಾವು ಈಗ ಹಾವು. ಇದು ಗೊತ್ತಿದ್ದವರು ತಮಿಳಿನಲ್ಲಿ ಪ ಕಂಡರೆ ಕನ್ನಡದಲ್ಲಿ ಹ ಇರಬಹುದಾ ಅಂತ ತಾನಾಗೇ ಹುಡುಕುತ್ತಾರೆ. ಲ್ಯಾಟಿನ್‌ನಿಂದ ಆಸ್ಕನ್‌ಗೆ ದಾಟೋಕೂ ಇಂಥ ಸೇತುವೆಗಳಿವೆ. ನಾಲ್ಕು ಸಾಕು.

ಮೊದಲನೆಯದು ಕ್ವ ಮತ್ತು ಪ. ಯಾರು ಅನ್ನೋಕೆ ಲ್ಯಾಟಿನ್‌ನಲ್ಲಿ ಕ್ವಿಸ್, ಆಸ್ಕನ್‌ನಲ್ಲಿ ಪಿಸ್. ಐದಕ್ಕೆ ಕ್ವಿಂಕ್ವೆ, ಆಸ್ಕನ್‌ನಲ್ಲಿ ಪೊಂಪೆ. ಪಾಂಪೆ ಊರಿನ ಹೆಸರು ಇದರಿಂದಲೇ ಬಂತು ಅಂತ ಹಲವರು ಹೇಳುತ್ತಾರೆ.

ಎರಡನೆಯದು ನಮಗೆ ಬಹಳ ಸುಲಭ, ಯಾಕೆಂದರೆ ಸಂಸ್ಕೃತದಿಂದ ಬಂದ ಪದಗಳು ನಮ್ಮ ಬಾಯಲ್ಲೇ ಇವೆ. ಸಂಸ್ಕೃತದಲ್ಲಿ ಪದದ ನಡುವೆ ಧ ಇದ್ದರೆ ಲ್ಯಾಟಿನ್‌ನಲ್ಲಿ ದ ಅಥವಾ ಬ, ಆಸ್ಕನ್-ಅಂಬ್ರಿಯನ್‌ನಲ್ಲಿ ಫ. ಮಧ್ಯ, ಲ್ಯಾಟಿನ್‌ನ ಮೆದಿಯುಸ್, ಆಸ್ಕನ್‌ನ ಮೆಫಿಯಯ್. ರುಧಿರದ ಬೇರು, ಲ್ಯಾಟಿನ್‌ನಲ್ಲಿ ಕೆಂಪಿಗೆ ರುಬೆರ್, ಅಂಬ್ರಿಯನ್‌ನಲ್ಲಿ ರೋಫು. ಇಲ್ಲಿ ಒಂದು ಎಚ್ಚರ ಬೇಕು. ಇವು ಸಂಸ್ಕೃತದಿಂದ ಹುಟ್ಟಿದವು ಅಂತ ಹೇಳಿಬಿಡಬೇಡಿ. ಸಂಸ್ಕೃತ, ಲ್ಯಾಟಿನ್, ಆಸ್ಕನ್ ಮೂರಕ್ಕೂ ಹಿಂದೆ ಇನ್ನೊಂದು ಭಾಷೆ ಇತ್ತು, ಅದರ ಬರಹ ಯಾವುದೂ ಉಳಿದಿಲ್ಲ. ಇವೆಲ್ಲ ದೂರದ ದಾಯಾದಿಗಳು.

ಮೂರನೆಯದು, ಲ್ಯಾಟಿನ್‌ನ ನ್ದ ಆಸ್ಕನ್‌ನಲ್ಲಿ ನ್ನ. ನಾಲ್ಕನೆಯದು, ಲ್ಯಾಟಿನ್‌ನ ಕೆಲವು ವ ಇರುವ ಕಡೆ ಆಸ್ಕನ್‌ನಲ್ಲಿ ಬ, ಸಂಸ್ಕೃತದಲ್ಲಿ ಗ. ಈ ನಾಲ್ಕನೆಯದರಿಂದ ಒಂದು ವಿಚಿತ್ರ ಹೊರಬೀಳುತ್ತದೆ. ಗೋ ಅನ್ನುವುದಕ್ಕೆ ಲ್ಯಾಟಿನ್‌ನಲ್ಲಿ ಬೋಸ್ ಅನ್ನುತ್ತಾರೆ. ನಿಯಮದ ಪ್ರಕಾರ ಅದು ವೋಸ್ ಆಗಬೇಕಿತ್ತು! ಬ ಇದೆ ಅಂದರೆ ಆ ಪದವನ್ನು ರೋಮ್‌ನವರು ಬೆಟ್ಟದ ಕಡೆಯ ಸಬೆಲ್ಲಿಕ್ ಜನರಿಂದ ತೆಗೆದುಕೊಂಡಿದ್ದಾರೆ. ತೋಳಕ್ಕೆ ಲ್ಯಾಟಿನ್‌ನಲ್ಲಿರುವ ಲುಪುಸ್ ಕೂಡ ಹಾಗೇ ಬಂದದ್ದು, ಅದರ ಪ ಹೇಳುತ್ತದೆ. ರೋಮ್ ಕಟ್ಟಿದವರಿಗೆ ಹಾಲೂಡಿದ ತೋಳದ ಕಥೆ ಕೇಳಿದ್ದೀರಲ್ವಾ, ಆ ತೋಳದ ಹೆಸರೇ ಲ್ಯಾಟಿನ್‌ನದ್ದಲ್ಲ.

ಒಂದು ಪೂರ್ತಿ ಶಾಸನ ಓದೋಣ

ಇದು ಪಾಂಪೆಯದು. ಅಲ್ಲಿ ಯುವಕರು ಕಸರತ್ತು ಮಾಡುತ್ತಿದ್ದ ಕಟ್ಟಡದಲ್ಲಿ ಸಿಕ್ಕ ಕಲ್ಲು, ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಗಟ್ಟಿಯಾಗಿ ಓದಿ, ಸುಮ್ನೆ ಕಣ್ಣಲ್ಲಿ ನೋಡಿದರೆ ಕಿವಿಗೆ ಸಿಗುವ ಹೋಲಿಕೆ ತಪ್ಪಿಹೋಗುತ್ತದೆ.

ವಿ. ಆದಿರಾನ್ಸ್ ವಿ. ಎಯ್ತಿಯುವಮ್ ಪಾಮ್ ವೆರೆಯ್ಯಯ್ ಪೊಂಪಯ್ಯಾನಯ್ ತ್ರಿಸ್ತಾಮೆಂತುದ್ ದೆದೆದ್, ಎಯ್ಸಕ್ ಎಯ್ತಿಯುವದ್ ವಿ. ವಿನಿಕಿಸ್ ಮ್ರ. ಕ್ವಯ್ಸ್ತುರ್ ಪೊಂಪಯ್ಯಾನ್ಸ್ ತ್ರೀಬೊಮ್ ಎಕಕ್ ಕೊಂಬೆನ್ನಿಯೆಯ್ಸ್ ತಂಗಿನುದ್ ಓಪ್ಸನ್ನಮ್ ದೆದೆದ್, ಇಸಿದುಮ್ ಪ್ರೋಫತ್ತೆದ್.

ಮೊದಲು ಹೆಸರುಗಳನ್ನು ಬೇರೆ ಮಾಡಿ. ಆಸ್ಕನ್‌ನಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ಮನೆತನ, ಆಮೇಲೆ ಅಪ್ಪನ ಹೆಸರಿನ ಚುಟುಕು ರೂಪ. "ವಿ. ಆದಿರಾನ್ಸ್ ವಿ." ಅಂದರೆ ವಿಬಿಯುಸ್‌ನ ಮಗ ವಿಬಿಯುಸ್ ಆದಿರಾನ್ಸ್. "ವಿ. ವಿನಿಕಿಸ್ ಮ್ರ." ಅಂದರೆ ಮಾರಸ್‌ನ ಮಗ ವಿಬಿಯುಸ್ ವಿನಿಕಿಸ್. ಮಗ ಅನ್ನುವ ಪದ ಬರೆಯುವುದಿಲ್ಲ. ಇಷ್ಟು ತೆಗೆದರೆ ಸಾಲು ಎಷ್ಟೋ ಹಗುರಾಗುತ್ತದೆ.

ಆಮೇಲೆ ಕ್ರಿಯಾಪದ ಹುಡುಕಿ. ಕನ್ನಡದವರಿಗೆ ಇದು ಅಭ್ಯಾಸವೇ, ವಾಕ್ಯದ ಕೊನೆ ನೋಡಿದರೆ ಸಾಕು. ದೆದೆದ್ ಎರಡು ಸಲ ಬಂದಿದೆ, ಲ್ಯಾಟಿನ್‌ನ ದೆದಿತ್, ಕೊಟ್ಟ. ಕೊನೆಗೆ ಪ್ರೋಫತ್ತೆದ್. ನಡುವಿನ ಫ ಜಾಗದಲ್ಲಿ ಬ ಇಟ್ಟು ನೋಡಿ, ಲ್ಯಾಟಿನ್‌ನ ಪ್ರೊಬಾವಿತ್ ಬಂತು, ಸರಿಯಾಗಿದೆ ಅಂತ ಒಪ್ಪಿದ.

ಈಗ ವಿಭಕ್ತಿ. ಎಯ್ತಿಯುವಮ್, ಎಯ್ತಿಯುವದ್. ಪದ ಒಂದೇ, ಬಾಲ ಬೇರೆ. ಹಣವನ್ನು, ಹಣದಿಂದ. ಅಮ್ ಅಂದರೆ ದ್ವಿತೀಯಾ, ಅದ್ ಅಂದರೆ ಇಂದ. ತ್ರಿಸ್ತಾಮೆಂತುದ್, ತಂಗಿನುದ್ ಎರಡರ ಕೊನೆಯಲ್ಲೂ ಅದೇ ದ್ ಇದೆ: ಉಯಿಲಿನಿಂದ, ತೀರ್ಮಾನದಿಂದ. ವೆರೆಯ್ಯಯ್ ಪೊಂಪಯ್ಯಾನಯ್ ಅಂದರೆ ಪಾಂಪೆಯ ಯುವಕರ ಸಂಘಕ್ಕೆ. ಕೊಂಬೆನ್ನಿಯೆಯ್ಸ್‌ನ ಎಯ್ಸ್ ಅಂದರೆ ನಮ್ಮ ಷಷ್ಠಿ, ಸಭೆಯ. ಆ ಪದದಲ್ಲಿ ಬೆನ್ ಇದೆ ನೋಡಿ, ಲ್ಯಾಟಿನ್‌ನಲ್ಲಿ ಸಭೆಗೆ ಕಾನ್ವೆಂತುಸ್, ಅಲ್ಲಿ ವೆನ್. ನಾಲ್ಕನೆಯ ನಿಯಮ. ಪಾಮ್ ಲ್ಯಾಟಿನ್‌ನ ಕ್ವಾಮ್, ಮೊದಲನೆಯ ನಿಯಮ. ಓಪ್ಸನ್ನಮ್ ಲ್ಯಾಟಿನ್‌ನ ಓಪೆರಾಂದಮ್, ಮೂರನೆಯ ನಿಯಮ, ಕಟ್ಟಿಸುವುದಕ್ಕೆ.

ಒಟ್ಟಿಗೆ ಇಟ್ಟರೆ: "ವಿಬಿಯುಸ್‌ನ ಮಗ ವಿಬಿಯುಸ್ ಆದಿರಾನ್ಸ್ ಯಾವ ಹಣವನ್ನು ಪಾಂಪೆಯ ಯುವಕರ ಸಂಘಕ್ಕೆ ಉಯಿಲಿನಲ್ಲಿ ಕೊಟ್ಟನೋ, ಆ ಹಣದಿಂದ ಮಾರಸ್‌ನ ಮಗ ವಿಬಿಯುಸ್ ವಿನಿಕಿಸ್, ಪಾಂಪೆಯ ಕ್ವೆಸ್ಟರ್, ಸಭೆಯ ತೀರ್ಮಾನದಂತೆ ಈ ಕಟ್ಟಡವನ್ನು ಕಟ್ಟಿಸೋಕೆ ಕೊಟ್ಟ, ಅವನೇ ಅದನ್ನು ಒಪ್ಪಿದ."

ಕ್ವಯ್ಸ್ತುರ್ ಅನ್ನುವ ಪದದ ಹತ್ತಿರ ಒಂದು ನಿಮಿಷ ನಿಲ್ಲಿ. ಆಸ್ಕನ್‌ನಲ್ಲಿ ಕ್ವ ಇರಬಾರದು, ಪ ಆಗಿರಬೇಕಿತ್ತು. ಹಾಗಿದ್ದರೆ ಈ ಪದ ಲ್ಯಾಟಿನ್‌ನಿಂದ ಬಂದಿದೆ. ಪಾಂಪೆ ಇನ್ನೂ ಆಸ್ಕನ್ ಮಾತಾಡುತ್ತಿದ್ದಾಗಲೇ ಊರಿನ ಖಜಾನೆ ನೋಡಿಕೊಳ್ಳುವವನಿಗೆ ರೋಮ್‌ನ ಹುದ್ದೆಯ ಹೆಸರು ಬಂದುಬಿಟ್ಟಿತ್ತು. ಬೋಸ್ ಒಂದು ದಿಕ್ಕಿನಲ್ಲಿ ಹೋಯಿತು, ಕ್ವೆಸ್ಟರ್ ಇನ್ನೊಂದು ದಿಕ್ಕಿನಲ್ಲಿ ಬಂತು. ನಿಯಮ ಮುರಿದ ಪದ ಕಂಡಾಗಲೆಲ್ಲ ಪುಸ್ತಕದಲ್ಲಿ ಬೇರೆ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ, ಇತಿಹಾಸ ಅಲ್ಲೇ ಸಿಗುತ್ತದೆ.

ಲ್ಯಾಟಿನ್ ಸಹಾಯ ಮಾಡದ ಕಡೆ

ಇಷ್ಟು ಹೊತ್ತು ಲ್ಯಾಟಿನ್ ಹಿಡಿದು ನಡೆದೆವು. ಆದರೆ ಆಸ್ಕನ್ ಅಂದರೆ ಕೆಟ್ಟುಹೋದ ಲ್ಯಾಟಿನ್ ಅನ್ನುವ ಭಾವನೆ ಬರಬಾರದು, ಅದಕ್ಕೆ ಇದನ್ನು ಹೇಳಲೇಬೇಕು. ಲ್ಯಾಟಿನ್ ಕಳೆದುಕೊಂಡ ಎಷ್ಟೋ ಹಳೇ ಪದಗಳನ್ನು ಇವರು ಉಳಿಸಿಕೊಂಡಿದ್ದರು. ಮಗನಿಗೆ ಆಸ್ಕನ್‌ನಲ್ಲಿ ಪುಕ್ಲೊ ಅನ್ನುವ ಪದ ಇದೆ, ಸಂಸ್ಕೃತದ ಪುತ್ರನಿಗೆ ಸಂಬಂಧ. ಮಗಳಿಗೆ ಫುತಿರ್, ದುಹಿತೃವಿಗೆ ಸಂಬಂಧ. ಲ್ಯಾಟಿನ್ ಇವೆರಡನ್ನೂ ಬಿಟ್ಟು ಫಿಲಿಯುಸ್, ಫಿಲಿಯಾ ಇಟ್ಟುಕೊಂಡಿತು. ನೀರಿಗೆ ಅಂಬ್ರಿಯನ್‌ನಲ್ಲಿ ಉತುರ್, ಉದಕದ ಬೇರಿನದೇ. ಲ್ಯಾಟಿನ್‌ನಲ್ಲಿ ಅಕ್ವಾ. ಬೆಂಕಿಯಲ್ಲಿ ಮಾತ್ರ ಉಲ್ಟಾ: ಲ್ಯಾಟಿನ್‌ನ ಇಗ್ನಿಸ್ ನಮ್ಮ ಅಗ್ನಿ, ಅಂಬ್ರಿಯನ್‌ನ ಪಿರ್ ಗ್ರೀಕರ ಪೂರ್ ಕಡೆಯದು. ಗುಬ್ಬಿಯೊ ಹಲಗೆಗಳ ಪ್ರಾರ್ಥನೆಯಲ್ಲಿ "ವೆಯ್ರೊ ಪೆಕ್ವೊ" ಅಂತ ಮತ್ತೆ ಮತ್ತೆ ಬರುತ್ತದೆ, ಜನರನ್ನೂ ದನಕರುಗಳನ್ನೂ ಕಾಪಾಡು ಅಂತ. ವೀರ, ಪಶು. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ರೋಮ್‌ನ ಚಕ್ರವರ್ತಿಯ ಹೆಸರು ನೀರೊ ಕೂಡ ಸಬೈನ್ ಪದ, ಬಲಶಾಲಿ ಅಂತ ಅದರ ಅರ್ಥ ಅಂತ ಪ್ರಾಚೀನರೇ ಬರೆದಿದ್ದಾರೆ. ಆಸ್ಕನ್‌ನಲ್ಲಿ ನೀರ್, ಸಂಸ್ಕೃತದಲ್ಲಿ ನರ.

ಎಲ್ಲಿ ಹುಷಾರಾಗಿರಬೇಕು

ರೋಮ್ ಹತ್ತಿರದ ಪ್ರೆನೆಸ್ತೆ ಊರಿನ ಚಿನ್ನದ ಪಿನ್ನು 1887ರಲ್ಲಿ ಬೆಳಕಿಗೆ ಬಂತು. ಅದರ ಮೇಲೆ "ಮಾನಿಯೊಸ್ ನನ್ನನ್ನು ನುಮಾಸಿಯೊಸ್‌ಗಾಗಿ ಮಾಡಿದ" ಅಂತ ಹಳೇ ಲ್ಯಾಟಿನ್ ಇದೆ. ಆಗ ವಸ್ತುಗಳ ಮೇಲೆ ಹೀಗೆ ವಸ್ತುವೇ ಮಾತಾಡುವ ಹಾಗೆ ಬರೆಯುತ್ತಿದ್ದರು. ಇದು ನಕಲಿ ಅಂತ ದಶಕಗಳ ಕಾಲ ವಾದ ನಡೆಯಿತು. 2011ರಲ್ಲಿ ಚಿನ್ನದ ಮೇಲ್ಮೈ ಪರೀಕ್ಷೆ ಮಾಡಿ ಅಸಲಿ ಅಂತ ತೋರಿಸಿದರು. ಹಳೇ ಪುಸ್ತಕ ಇಟ್ಟುಕೊಂಡಿರುವವರು ಇನ್ನೂ ನಕಲಿ ಅಂತಲೇ ಹೇಳುತ್ತಾರೆ, ಹಾಗಾಗಿ ಓದುವಾಗ ಪುಸ್ತಕ ಬಂದ ವರ್ಷ ನೋಡಿ.

ಇನ್ನೊಂದು ದಕ್ಷಿಣ ಪಿಸೀನ್‌ನ ಕಥೆ. ಕಪೆಸ್ತ್ರಾನೊದಲ್ಲಿ 1934ರಲ್ಲಿ ಸಿಕ್ಕ ಯೋಧನ ಕಲ್ಲಿನ ಪ್ರತಿಮೆ ನೀವು ಚಿತ್ರದಲ್ಲಿ ನೋಡಿರಬಹುದು, ಅಗಲವಾದ ಟೋಪಿ, 2 ಮೀಟರ್‌ಗಿಂತ ಎತ್ತರ, ಕ್ರಿ.ಪೂ. 6ನೇ ಶತಮಾನ. ಅದರ ಮೇಲೂ ಇದೇ ಭಾಷೆಯ ಬರಹ ಇದೆ. ಈ ಭಾಷೆಯ ಶಾಸನಗಳಲ್ಲಿ ಬರುವ ಒಂಟಿ ಚುಕ್ಕೆ ಮತ್ತು ಜೋಡಿ ಚುಕ್ಕೆಗಳನ್ನು ಬಹಳ ಕಾಲ ಪದ ಬಿಡಿಸುವ ಗುರುತು ಅಂದುಕೊಂಡಿದ್ದರು. 1980ರ ದಶಕದಲ್ಲಷ್ಟೇ ಗೊತ್ತಾಯಿತು, ಒಂಟಿ ಚುಕ್ಕೆ ಒ ಅಕ್ಷರ, ಜೋಡಿ ಚುಕ್ಕೆ ಫ ಅಕ್ಷರ! ಅಲ್ಲಿಯವರೆಗೆ ಅರ್ಥವೇ ಆಗದ ಸಾಲುಗಳಲ್ಲಿ ಸಫಿನ್ ಅನ್ನುವ ಪದ ಎದ್ದು ಬಂತು. ಸಬೈನ್, ಸಾಮ್ನೈಟ್ ಎರಡೂ ಹೆಸರು ಅದೇ ಬೇರಿನವು.

ಈ ಜನರೆಲ್ಲ ಮೊದಲಿನಿಂದ ತಾವು ಒಂದೇ ಅಂದುಕೊಂಡಿದ್ದರು ಅಂತಲೂ ಭಾವಿಸಬೇಡಿ. ಒಬ್ಬರ ಮೇಲೊಬ್ಬರು ಯುದ್ಧ ಮಾಡಿದ್ದಾರೆ. ಇವರಲ್ಲಿ ಹಲವರು ಒಟ್ಟಾಗಿ ನಿಂತಿದ್ದು ಕ್ರಿ.ಪೂ. 91ರಲ್ಲಿ, ರೋಮ್‌ನ ಮಿತ್ರರಾಗಿ ದುಡಿದೂ ಪೌರತ್ವ ಸಿಗದೆ ದಂಗೆ ಎದ್ದಾಗ. ಆಗ ಅವರು ಟಂಕಿಸಿದ ನಾಣ್ಯದ ಮೇಲೆ ಗೂಳಿ ಒಂದು ತೋಳವನ್ನು ತಿವಿಯುತ್ತಿದೆ. ಕೆಲವು ನಾಣ್ಯಗಳಲ್ಲಿ ಆಸ್ಕನ್ ಅಕ್ಷರದಲ್ಲಿ ವಿತೆಲಿಯೊ ಅಂತ ಇದೆ. ಇಟಲಿ ಅನ್ನುವ ಹೆಸರಿನ ಆಸ್ಕನ್ ರೂಪ ಅದು, ಕರು ಅನ್ನುವ ಪದಕ್ಕೆ ಹತ್ತಿರ. ಆ ನಾಣ್ಯಗಳ ಚಿತ್ರ ಹುಡುಕಿ ಬಲದಿಂದ ಎಡಕ್ಕೆ ನೀವೇ ಓದಿ.

ಕೊನೆಯ ಅಭ್ಯಾಸ

ಪಿಯೆತ್ರಾಬ್ಬೊಂದಾಂತೆಯಲ್ಲಿ ಸಾಮ್ನೈಟರ ದೊಡ್ಡ ದೇವಸ್ಥಾನ ಇತ್ತು. ಅಲ್ಲಿ ಸಿಕ್ಕ ಒಂದು ಹೆಂಚಿನ ಮೇಲೆ, ಸುಮಾರು ಕ್ರಿ.ಪೂ. 100ರದ್ದು, ಹಸಿಮಣ್ಣಿನಲ್ಲಿ ಒತ್ತಿದ ಪಾದದ ಗುರುತುಗಳಿವೆ. ಹೆಂಚು ಮಾಡುತ್ತಿದ್ದ, ಒಬ್ಬನೇ ಒಡೆಯನ ಕೈಕೆಳಗಿದ್ದ ಇಬ್ಬರು ಹೆಂಗಸರದು. ಪಕ್ಕದಲ್ಲಿ ಎರಡು ಬರಹ. ಮೊದಲನೆಯದು ಆಸ್ಕನ್:

ಹ್ನ. ಸತ್ತಿಯೆಯ್ಸ್ ದೆತ್ಫ್ರಿ ಸೆಗನತ್ತೆದ್ ಪ್ಲವ್ತದ್

ಎರಡನೆಯದು ಲ್ಯಾಟಿನ್:

ಹೆರೆನ್ನೇಯ್ಸ್ ಅಮೀಕಾ ಸಿಗ್ನಾವಿತ್ ಕ್ವಾಂದೊ ಪೋನೇಬಾಮುಸ್ ತೇಗಿಲಾ

ಅರ್ಥ ನೋಡುವ ಮೊದಲು ನೀವೇ ಬಿಡಿಸಿ. ಸೆಗನತ್ತೆದ್‌ನ ತ್ತೆದ್ ಪ್ರೋಫತ್ತೆದ್‌ನಲ್ಲಿ ನೋಡಿದ್ದೀರಿ. ಪ್ಲವ್ತದ್‌ನ ಅದ್ ಎಯ್ತಿಯುವದ್‌ನಲ್ಲಿ ನೋಡಿದ್ದೀರಿ. ಸತ್ತಿಯೆಯ್ಸ್‌ನ ಎಯ್ಸ್ ಕೂಡ ಗೊತ್ತು. ಹ್ನ. ಅಂದರೆ ಹೆರೆನ್ಸ್. "ಹೆರೆನ್ಸ್ ಸತ್ತಿಯಸ್‌ನ ದೆತ್ಫ್ರಿ ಅಂಗಾಲಿನಿಂದ ಸಹಿ ಹಾಕಿದಳು." ಲ್ಯಾಟಿನ್ ಸಾಲು: "ನಾವು ಹೆಂಚು ಇಡುತ್ತಿದ್ದಾಗ ಹೆರೆನ್ಸ್‌ನ ಅಮೀಕಾ ಸಹಿ ಹಾಕಿದಳು." ಈಗ ಲ್ಯಾಟಿನ್ ಸಾಲಿನ ಮೊದಲ ಪದಕ್ಕೆ ವಾಪಸ್ ಹೋಗಿ ಅದರ ಬಾಲ ನೋಡಿ. ಎಯ್ಸ್. ಅಮೀಕಾ ಬರೆದಿದ್ದು ಲ್ಯಾಟಿನ್, ಆದರೆ ಒಡೆಯನ ಹೆಸರಿಗೆ ಹಚ್ಚಿದ್ದು ಆಸ್ಕನ್ ಷಷ್ಠಿ.